ಬಚ್ಚಲ ಬಾಗಿಲು ಮತ್ತು ನಲವತ್ತು ಮಿಲಿಮೀಟರ್

ಮನೆಯಿಂದ (ನೀವೇ ಕಟ್ಟಿದ್ದು), ಹಜಾರದ ಕುರ್ಚಿ,
ಫೆಬ್ರವರಿ ಎಂಟು, ಭಾನುವಾರ ಮಧ್ಯಾಹ್ನ

ಪ್ರೀತಿಯ ಭಾವನವರಿಗೆ,

ಈ ಮೂಲಕ ಸಮಸ್ತ ಬಂಧುಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಬಚ್ಚಲ ಬಾಗಿಲು ಹನ್ನೊಂದು ವರ್ಷಗಳ ನಿಷ್ಕಳಂಕ ಸೇವೆಯ ನಂತರ, ಕಳೆದ ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲು ಗಂಟೆಗೆ ಮುಚ್ಚಿಕೊಳ್ಳುವ ಕೆಲಸದಿಂದ ನಿವೃತ್ತಿ ಪಡೆದಿದೆ. ತೆರೆದುಕೊಳ್ಳುವ ಕೆಲಸವನ್ನು ಮಾತ್ರ ಮುಂದುವರಿಸಲು ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಎಷ್ಟೇ ನೂಕಿದರೂ ಚೌಕಟ್ಟಿಗೆ ಎರಡು ಬೆರಳು ದೂರದಲ್ಲಿ ನಿಂತು, ಹಟ ಹಿಡಿದ ಎತ್ತಿನ ಹಾಗೆ ನಮ್ಮನ್ನೇ ನೋಡುತ್ತದೆ. ಚಿಲಕಕ್ಕೆ ಕೆಲಸವಿಲ್ಲದೆ ಬೇಸರ ಬಂದಿದೆ. ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ಗೊತ್ತಾಗಬೇಕಲ್ಲ, ಅದಕ್ಕಾಗಿ ಮನೆಯವರೆಲ್ಲ ಹಾಡುತ್ತೇವೆ. ನನ್ನವಳು ಹಾಡುತ್ತಾಳೆ, ಪರವಾಗಿಲ್ಲ. ನಮ್ಮ ಅತ್ತೆಯವರು ಹಾಡುವುದು ತಮ್ಮ ಘನತೆಗೆ ಕುಂದು ಎಂದು ಭಾವಿಸಿ ಚೊಂಬಿನಿಂದ ಬಕೆಟ್ಟಿಗೆ ಬಡಿಯುತ್ತಾರೆ. ನನಗೆ ಹಾಡೂ ಬಾರದು, ಚೊಂಬೂ ಸಿಗದು. ಹದಿನೇಳರ ಮಗ್ಗಿ ಹೇಳುತ್ತೇನೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹದಿನೇಳರ ಮಗ್ಗಿ ತಪ್ಪಿಲ್ಲದೆ ಬರುತ್ತಿದೆ, ಅಷ್ಟೇ ಲಾಭ.

ಮೊದಲು ಕೇಳಬೇಕಾದದ್ದನ್ನು ಕೇಳದೆ ಬಾಗಿಲ ಪುರಾಣ ಶುರು ಮಾಡಿದೆ, ಕ್ಷಮಿಸಿ. ನಿಮ್ಮ ಸೊಂಟ ಹೇಗಿದೆ? ಅಕ್ಕನ ಮಂಡಿ ಹೇಗಿದೆ ಎಂದು ಅವಳನ್ನು ಕೇಳುವ ಹಾಗಿಲ್ಲ, 'ನನ್ನ ಮಂಡಿಗೆ ಏನು ಧಾಡಿ' ಎನ್ನುತ್ತಾಳೆ, ಆಮೇಲೆ ಅರ್ಧ ಗಂಟೆ ಮಂಡಿಯ ಬಗ್ಗೆಯೇ ಮಾತಾಡುತ್ತಾಳೆ. ನಿಮ್ಮ ವಿಚಾರ ಮಾತ್ರ ಅವಳ ಬಾಯಿಂದ ಹೊರಡುವುದಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ 'ಭಾವ ಇದ್ದಾರಾ' ಅಂದರೆ 'ಇದ್ದಾರೆ' ಎನ್ನುತ್ತಾಳೆ. 'ಕೊಡು' ಅಂದರೆ 'ಸ್ನಾನಕ್ಕೆ ಹೋಗಿದ್ದಾರೆ' ಎನ್ನುತ್ತಾಳೆ. ಲೆಕ್ಕ ಹಾಕಿ ನೋಡಿದರೆ ಭಾವ, ನೀವು ಆರು ವರ್ಷದಿಂದ ಸ್ನಾನದ ಮನೆಯಲ್ಲೇ ಇದ್ದೀರಿ. ಅಲ್ಲಿಯ ಬಾಗಿಲಾದರೂ ಸರಿಯಾಗಿ ಮುಚ್ಚುತ್ತದೆ ಎಂದು ನಂಬುತ್ತೇನೆ. ಈ ಸಲ ಅವಳು ತಡೆಯಲಾರದೆ ಒಂದು ಮಾತು ಹೇಳಿಬಿಟ್ಟಳು. ನೀವು ನಿಮ್ಮ ಹತಾರದ ಪೆಟ್ಟಿಗೆಯನ್ನು ಈ ತಿಂಗಳ ಕೊನೆಗೆ ಗುಜರಿಯವನಿಗೆ ಕೊಡುತ್ತೀರಂತೆ. ಕರಣೆ, ರಸಮಟ್ಟ, ತೂಗುಗುಂಡು, ಎಲ್ಲ. 'ಟೈಲ್ಸ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಬಣ್ಣದ ಚೀಟಿ ತೋರಿಸೋನಿಗೆ ಕರಣೆ ಯಾಕೆ' ಅಂದಿರಂತೆ. ಅದನ್ನು ಕೇಳಿದ ಮೇಲೆ ಫೋನಿಗೆ ಬಾರದ ಮನುಷ್ಯನಿಗೆ ಕಾಗದವನ್ನಾದರೂ ಬರೆಯೋಣ, ಕಾಗದ ಸ್ನಾನ ಮುಗಿಯುವ ತನಕ ಕಾಯುತ್ತದೆ ಎಂದು ಕೂತೆ.

ನನ್ನ ವಿಚಾರ ಹೇಳುವುದಾದರೆ, ದಣಿದಿದ್ದೇನೆ ಭಾವ. ರೋಗವಿಲ್ಲ, ರುಜಿನವಿಲ್ಲ, ಬರೀ ದಣಿವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಪರರು ಕಟ್ಟಿದ ಮನೆಯ ಸಜ್ಜದೊಳಗೆ ತಲೆ ತೂರಿಸಿ ನೋಡು ಎಂದು ಮೂರನೆಯದನ್ನೂ ಸೇರಿಸಬೇಕಿತ್ತು. ಕೊಳ್ಳುವವರ ಪರವಾಗಿ ದಿನಕ್ಕೆ ಎರಡು ಮನೆ ಪರೀಕ್ಷೆ, ಕೆಲವೊಮ್ಮೆ ಮೂರು. ಏಣಿ ಹತ್ತುವುದು, ತಾರಸಿಯ ಮೇಲೆ ನೀರು ನಿಂತ ಕಲೆ ಹುಡುಕುವುದು, ಟ್ಯಾಂಕಿನ ಮುಚ್ಚಳ ಎತ್ತಿ ಮುಖಕ್ಕೆ ಹಾವಸೆಯ ವಾಸನೆ ಬಡಿಸಿಕೊಳ್ಳುವುದು. ಇಳಿದು ಬಂದು ಮೆಟ್ಟಿಲ ಕೆಳಗೆ ನುಸುಳಿ ಸ್ಕ್ರೂಡ್ರೈವರಿನಿಂದ ಮರ ಚುಚ್ಚಿ, ಗೆದ್ದಲು ಇದೆಯೋ ಇಲ್ಲವೋ ಎಂದು ನೋಡುವುದು. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಫ್ಲಶ್ಶು ಎಳೆದು, ಯಾವ ನಲ್ಲಿ ಮೊದಲು ಉಸಿರು ಬಿಡುತ್ತದೆ ಎಂದು ಕಾಯುವುದು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಮೂಲೆಯಲ್ಲಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತರೆ, ನೀರು ಹೋಗಬೇಕಾದ ತೂತಿನ ಕಡೆ ಹೋಗದೆ ನನ್ನ ಚಪ್ಪಲಿಯ ಕಡೆಗೇ ಬರುತ್ತದೆ. ನೀರು ಇಳಿಯುವ ಹಾಗೆ ನೆಲಕ್ಕೆ ವಾಟ ಕೊಡುವುದನ್ನು ನಿಮ್ಮ ನಂತರ ಯಾರೂ ಕಲಿಯಲಿಲ್ಲ ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಹೆಂಚು, ಟೈಲು, ಗೋಡೆ, ಏನು ಸಿಕ್ಕಿದರೂ ಕೀಲಿಕೈಯಿಂದ ಟಕಟಕ ತಟ್ಟುವ ನನ್ನ ಚಾಳಿಗೆ ನೀವೇ ಇಟ್ಟ ಹೆಸರು ಈಗ ಊರಿಗೆಲ್ಲ ಗೊತ್ತಾಗಿ, ನಾನು ಕೂರುವ ಜೆರಾಕ್ಸ್ ಅಂಗಡಿಯವನೂ ಫೋನಿನಲ್ಲಿ 'ಟಕಟಕ ಇಲ್ಲಿಲ್ಲ, ಕೆಲಸದ ಮೇಲೆ ಹೋಗಿದ್ದಾರೆ' ಎನ್ನುತ್ತಾನೆ.

ಬೇರೆಯವರ ತಪ್ಪು ಹುಡುಕಿ ಊಟ ಮಾಡುವ ಕಸುಬು ಕೊನೆಗೆ ಕಣ್ಣನ್ನೇ ಕೆಡಿಸುತ್ತದೆ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋದರೆ ರೋಗಿಯ ತಲೆಯ ಮೇಲಿನ ತೇವದ ಕಲೆ ಕಾಣುತ್ತದೆ. ಮದುವೆಗೆ ಹೋದರೆ ಗಂಡು ಹೆಣ್ಣು ಕಾಣುವುದಿಲ್ಲ, ಛತ್ತಿನಲ್ಲಿ ಸಿಮೆಂಟು ಉದುರಿ ಕಂಬಿ ಹಲ್ಲು ಕಿರಿದಿರುವುದು ಕಾಣುತ್ತದೆ. ನನ್ನವಳ ಮಾತು ಕೇಳಿ: 'ಊರ ಮನೆಗಳಿಗೆಲ್ಲ ಡಾಕ್ಟರು, ಸ್ವಂತ ಬಚ್ಚಲಲ್ಲಿ ಮಗ್ಗಿ ಹೇಳ್ತಾ ಕೂತಿರೋ ಮನುಷ್ಯ.' ದೀಪದ ಬುಡ ಕತ್ತಲೆ ಎಂದು ನಾನು ಗಾದೆಯಿಂದ ತಪ್ಪಿಸಿಕೊಳ್ಳಲು ನೋಡಿದೆ. 'ದೀಪ ಎಲ್ಲಿದೆ ಮೊದಲು ತೋರ್ಸಿ' ಅಂದಳು.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಒಬ್ಬ ನರ್ಸಮ್ಮ ಫೋನ್ ಮಾಡಿದಳು. ಗಂಡ ಹೆಂಡತಿ ಸೇರಿ ಒಂದು ಮನೆ ಕೊಳ್ಳುತ್ತಿದ್ದಾರೆ, ಮಾತುಕತೆ ಎಲ್ಲ ಆಗಿದೆ, ಒಮ್ಮೆ ನೋಡಿ ವರದಿ ಕೊಡಿ ಎಂದಳು. ವಿಳಾಸ ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ನನ್ನ ಪೆನ್ನು ನಿಂತಿತು. ಹಿಟ್ಟಿನ ಗಿರಣಿಯ ಪಕ್ಕದ ಸಂದಿ, ಎಡಗಡೆ ಮೂರನೆಯದು, ಮೆಟ್ಟಿಲು ಹೊರಗಿನಿಂದ. ಹೌದು ಭಾವ, ಅದೇ ಮನೆ. ದರ್ಜಿ ಅಮ್ಮನದು. ನೀವು ಹನ್ನೆರಡು ವರ್ಷದ ಹಿಂದೆ ಕಟ್ಟಿಕೊಟ್ಟು, 'ಇದು ಬೀಳೋದಿದ್ದರೆ ಮೊದಲು ನಾನು ಬೀಳ್ತೀನಿ' ಎಂದು ಎದೆ ತಟ್ಟಿಕೊಂಡ ಮನೆ. ನಾನು ಹೋಗಿ ಬೀಳಿಸಿದ ಮನೆ. ನೀವೂ ಅದರ ಜೊತೆ ಬಿದ್ದಿರಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಬೆನ್ನು ನೋವು ಎಂದೆ, ಏಣಿ ರಿಪೇರಿಗೆ ಹೋಗಿದೆ ಎಂದೆ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. 'ನಿಮ್ಮಷ್ಟು ಕಟ್ಟುನಿಟ್ಟು ಯಾರೂ ಇಲ್ಲವಂತೆ ಸಾರ್, ಸ್ವಂತ ಭಾವ ಕಟ್ಟಿದ ಮನೆಯನ್ನೇ ಬಿಡಲಿಲ್ಲವಂತೆ' ಅಂದಳು. ಆರು ವರ್ಷದಿಂದ ಈ ಹೊಗಳಿಕೆಯನ್ನು ಎದೆಯ ಮೇಲೆ ಪದಕದ ಹಾಗೆ ಹಾಕಿಕೊಂಡು ತಿರುಗಿದವನು ನಾನು. ಅವತ್ತು ಅದರ ಸೂಜಿ ಚುಚ್ಚಿತು.

ಆರು ವರ್ಷದ ಹಿಂದೆ ಆ ದಿನ ಏನು ನಡೆಯಿತು ಎನ್ನುವುದು ನಿಮಗೆ ಅರ್ಧ ಗೊತ್ತು. ಉಳಿದರ್ಧ ನನಗೂ ಈಗ ಗೊತ್ತಾಗಿದೆ. ದರ್ಜಿ ಅಮ್ಮ ಆಗ ಮನೆ ಮಾರಿ ತಂಗಿಯ ಊರಿಗೆ ಹೋಗಬೇಕೆಂದಿದ್ದಳು. ಕೊಳ್ಳುವವನು ನನ್ನನ್ನು ಕರೆಸಿದ. ಅಂಗಡಿಯಲ್ಲಿ ಕೂತವರೆಲ್ಲ 'ಭಾವ ಕಟ್ಟಿದ ಮನೆ, ಇವತ್ತು ಟಕಟಕ ಮೆಲ್ಲಗೆ ತಟ್ತಾನೆ' ಎಂದು ನಕ್ಕರು. ಒಂದು ಕಣ್ಣು ಮುಚ್ಚಿದೆ ಎನಿಸಿಕೊಳ್ಳಬಾರದೆಂದು ಎರಡೂ ಕಣ್ಣು ಊರಗಲ ಬಿಟ್ಟುಕೊಂಡು ಹೋದೆ. ಹಾಗೆ ಬಿಟ್ಟ ಕಣ್ಣಿಗೆ ಬೀಳುವುದು ಧೂಳು ಮಾತ್ರ. ಹಿಂದಿನ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಓರೆ ಬಿರುಕು ಎಂದರೆ ಪಾಯ ಕುಸಿಯುತ್ತಿರಬಹುದು, ಅಥವಾ ಬರೀ ಮೇಲಿನ ಗಾರೆ ಬಿಟ್ಟಿರಬಹುದು. ಯಾವುದು ಎಂದು ತಿಳಿಯಲು ಏನು ಮಾಡಬೇಕು ಎನ್ನುವುದನ್ನು ಹದಿನೇಳನೇ ವಯಸ್ಸಿನಲ್ಲಿ ನನಗೆ ಕಲಿಸಿದವರು ನೀವು. ಬಿರುಕಿನ ಆಚೆ ಒಂದು, ಈಚೆ ಒಂದು ಪೆನ್ಸಿಲ್ ಗೆರೆ. ನಡುವಿನ ಅಳತೆ, ತಾರೀಕು. ಆಮೇಲೆ ಬಾಯಿ ಮುಚ್ಚಿಕೊಂಡು ಮೂರು ತಿಂಗಳು ಕಾಯುವುದು. ಅಳತೆ ಬೆಳೆದಿದ್ದರೆ ಬಿರುಕು ಬದುಕಿದೆ. ಬೆಳೆಯದಿದ್ದರೆ ಸತ್ತ ಬಿರುಕು, ಸುಣ್ಣ ಬಳಿದು ಮರೆತುಬಿಡಿ. 'ಗೋಡೆನ ಬೈಯೋಕೆ ಮುಂಚೆ ಅದಕ್ಕೂ ಮಾತಾಡೋಕೆ ಟೈಮ್ ಕೊಡೋ' ಎನ್ನುತ್ತಿದ್ದಿರಿ.

ಗೆರೆ ಎಳೆದೆ, ನಲವತ್ತು ಮಿಲಿಮೀಟರ್ ಎಂದು ಬರೆದೆ, ತಾರೀಕು ಹಾಕಿದೆ. ಆಮೇಲೆ ಅವತ್ತು ಸಂಜೆಯೇ ಅಂಗಡಿಯ ಮೇಜಿನ ಮುಂದೆ ಕೂತು 'ಬಿರುಕು ಜೀವಂತವಾಗಿದೆ, ಪಾಯ ಕುಸಿಯುತ್ತಿದೆ' ಎಂದು ಟೈಪ್ ಮಾಡಿಸಿದೆ. ಮೂರು ತಿಂಗಳ ಕೆಲಸವನ್ನು ಮೂರು ಗಂಟೆಯಲ್ಲಿ ಮುಗಿಸಿದೆ. ಆತುರಗಾರನ ಬುದ್ಧಿ ಮಟ್ಟ ಎಂದು ಗಾದೆ ಕಟ್ಟಿದವನು ನನ್ನಂಥವನನ್ನು ಮೊದಲೇ ಪರೀಕ್ಷಿಸಿ ವರದಿ ಕೊಟ್ಟಿದ್ದ. ಕೊಳ್ಳುವವನು ಓಡಿದ. ನೀವು ಆ ವರದಿಯ ಪ್ರತಿ ಹಿಡಿದು ನಮ್ಮ ಗೇಟಿನ ಹೊರಗೆ ನಿಂತಿರಿ. ಒಳಗೆ ಬನ್ನಿ ಎಂದರೂ ಬರಲಿಲ್ಲ. 'ಗೆರೆ ಎಳೆದಿದ್ದೀಯಲ್ಲ, ಓದಿದ್ಯಾ?' ಎಂದು ಒಂದೇ ಮಾತು ಕೇಳಿದಿರಿ. ನಾನು, ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದವನ ಹಾಗೆ, 'ವರದಿ ವರದಿನೇ, ಸಂಬಂಧ ಸಂಬಂಧನೇ ಭಾವ' ಎಂದೆ. ಆ ವಾಕ್ಯ ನನಗೆ ಎಷ್ಟು ಹಿಡಿಸಿತ್ತೆಂದರೆ ಒಂದು ವಾರ ಕನ್ನಡಿಯ ಮುಂದೆ ಹೇಳಿಕೊಂಡೆ. ಅಷ್ಟರಲ್ಲಿ ನಿಮ್ಮ ಕೈಯಲ್ಲಿದ್ದ ಎರಡು ಮನೆಯ ಕೆಲಸ ಬೇರೆ ಮೇಸ್ತ್ರಿಯ ಪಾಲಾಯಿತು. ವರ್ಷ ತುಂಬುವುದರೊಳಗೆ ಅಕ್ಕನನ್ನು ಕರೆದುಕೊಂಡು ನೀವು ಊರು ಬಿಟ್ಟಿರಿ. ಮೂರು ತಿಂಗಳಿಗೆ ಹೋಗಿ ಗೆರೆ ಓದಬೇಕಿತ್ತು. ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ, ಹೋಗಲು ಹೆದರಿದೆ.

ಶುಕ್ರವಾರ ಬೆಳಿಗ್ಗೆ ಹೋದೆ. ಹತ್ತು ನಿಮಿಷ ರಸ್ತೆಯಲ್ಲೇ ನಿಂತೆ. ಒಳಗೆ ಹೋಗುವ ಮೊದಲು ಮನೆಯನ್ನು ಹೊರಗಿನಿಂದ ನೋಡು, ಮನುಷ್ಯರ ಹಾಗೆ ಅದೂ ನಿಂತ ಭಂಗಿಯಲ್ಲೇ ಅರ್ಧ ಹೇಳಿಬಿಡುತ್ತದೆ ಎನ್ನುವುದೂ ನಿಮ್ಮದೇ ಪಾಠ. ನೆಟ್ಟಗೆ ನಿಂತಿತ್ತು. ನಾನೇ ಸ್ವಲ್ಪ ವಾಲಿದ್ದೆ. ಬಾಗಿಲು ತೆಗೆದ ದರ್ಜಿ ಅಮ್ಮ ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು, ಸೂಜಿ ತೆಗೆದು, 'ಓ, ಇನ್ಸ್‌ಪೆಕ್ಟರು. ಉಳಿದ ಗೋಡೆಗಳನ್ನೂ ಬೀಳಿಸೋಕೆ ಬಂದ್ರಾ' ಅಂದಳು. ಮೊದಲೇ ಬಂದಿದ್ದ ನರ್ಸಮ್ಮ ಅವಳ ಹಿಂದೆ ನಿಂತು ಏನೂ ಅರ್ಥವಾಗದೆ ನಕ್ಕಳು.

ತಾರಸಿ ನೋಡಿದೆ, ಒಂದು ಹನಿ ನಿಂತ ಗುರುತಿಲ್ಲ. ಬಚ್ಚಲಿಗೆ ನೀರು ಸುರಿದೆ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನೆಟ್ಟಗೆ ತೂತಿಗೆ ಹೋಯಿತು. ಸೊಸೆಯ ತಪ್ಪು ಸಿಗದೆ ಚಡಪಡಿಸುವ ಅತ್ತೆಯ ಹಾಗೆ ಕೋಣೆಯಿಂದ ಕೋಣೆಗೆ ಓಡಾಡಿದೆ. ಸ್ವಿಚ್ ಬೋರ್ಡಿನಲ್ಲಿ ಒಂದು ಸಡಿಲ ತಂತಿ, ಅಡುಗೆಮನೆಯ ನಲ್ಲಿಯಲ್ಲಿ ಸವೆದ ವಾಷರು, ಅಷ್ಟೇ. ಹಜಾರದಲ್ಲಿ ಹೊಲಿಗೆ ಮಿಷನ್ನು, ಅದರ ಪಕ್ಕ ಬಟ್ಟೆಯ ಗಂಟುಗಳು, ಗಂಟುಗಳ ನಡುವೆ ಒಂದು ಚಾಪೆ. ಕೊನೆಗೆ ಹಿಂದಿನ ಕೋಣೆ. ಬಾಗಿಲು ತೆಗೆದರೆ ಮುಚ್ಚಿಟ್ಟ ಮನೆಯ ವಾಸನೆ. ಕಿಟಕಿಯ ಪಕ್ಕದ ಗೋಡೆಗೆ ಒತ್ತಿ ಒಂದು ಕಬ್ಬಿಣದ ಬೀರು. 'ಅದನ್ನ ಸರಿಸಿ ಆರು ವರ್ಷ ಆಯ್ತು. ನೀವೇ ಅಲ್ವಾ ಗೋಡೆ ಮುಟ್ಟಬೇಡಿ ಅಂದಿದ್ದು' ಅಂದಳು. ಮುಟ್ಟಿಲ್ಲ ಭಾವ. ಬಣ್ಣ ಹೊಡೆಸಿಲ್ಲ, ಮೊಳೆ ಹೊಡೆದಿಲ್ಲ, ಆ ಕೋಣೆಯಲ್ಲಿ ಒಂದು ರಾತ್ರಿ ಮಲಗಿಲ್ಲ. ಗೋಡೆ ಯಾವಾಗ ಮೈಮೇಲೆ ಬರುತ್ತದೋ ಎಂದು ಹಜಾರದ ಚಾಪೆಯ ಮೇಲೆ ಆರು ವರ್ಷ ಒಂದೇ ಮಗ್ಗುಲಲ್ಲಿ ಮಲಗಿದ್ದಾಳೆ.

ಮೂವರೂ ಸೇರಿ ಬೀರು ಸರಿಸಿದೆವು. ನನ್ನ ಮಂಡಿ ಮಾಡಿದ ಸದ್ದಿಗೆ ನರ್ಸಮ್ಮ ಬೀರಿನ ಕಾಲು ಮುರಿಯಿತೆಂದುಕೊಂಡಳು. ಬೀರಿನ ಹಿಂದೆ, ಜೇಡರ ಬಲೆಯ ಕೆಳಗೆ, ನನ್ನ ಕೈಬರಹ. ಎರಡು ಗೆರೆ, ನಲವತ್ತು ಮಿಲಿಮೀಟರ್, ತಾರೀಕು, ಕೆಳಗೆ ನನ್ನ ಸಹಿ. ಸಹಿಗೆ ಒಂದು ಬಾಲ ಬೇರೆ ಎಳೆದಿದ್ದೆ. ಜೇಬಿಗೆ ಕೈ ಹಾಕಿ ಟೇಪು ತೆಗೆದೆ. ದರ್ಜಿ ಅಮ್ಮ ನನ್ನ ಕೈ ತಳ್ಳಿದಳು. 'ನಿಮ್ಮ ಅಳತೆ ಒಂದ್ಸಲ ನೋಡಿದ್ದೀನಿ, ಸಾಕು' ಎಂದು ಕೊರಳಿನ ಟೇಪು ಇಳಿಸಿ, ಗೋಡೆಯನ್ನು ರವಿಕೆಗೆ ಅಳೆಯುವ ಹಾಗೆ ಅಳೆದಳು. 'ನಾಲ್ಕು ಸೆಂಟಿ' ಅಂದಳು. ಇನ್ನೊಮ್ಮೆ ಅಳೆದಳು, 'ನಾಲ್ಕೇ.' ಆಮೇಲೆ ನಾನೂ ಅಳೆದೆ. ಮೇಲೆ, ನಡುವೆ, ಕೆಳಗೆ. ನಲವತ್ತು, ನಲವತ್ತು, ನಲವತ್ತು. ಆರು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ.

ಅವಳ ಅನುಮತಿ ಕೇಳಿ ಅಂಗೈ ಅಗಲ ಗಾರೆ ಕೆತ್ತಿ ನೋಡಿದೆ. ಬಿರುಕು ಗಾರೆಯ ಜೊತೆಗೇ ಉದುರಿ ಕೈಗೆ ಬಂತು. ಒಳಗೆ ಇಟ್ಟಿಗೆಗಳು ನಿಮ್ಮ ಕೈಯಿಂದ ನಿನ್ನೆಯಷ್ಟೇ ಇಳಿದ ಹಾಗೆ ಹಲ್ಲುಕಚ್ಚಿ ಕೂತಿದ್ದವು. ಕಿಟಕಿಗೆ ಕಬ್ಬಿಣದ ಗ್ರಿಲ್ಲು ಯಾವಾಗ ಹಾಕಿಸಿದಿರಿ ಎಂದು ಕೇಳಿದೆ. ನನ್ನ ಮೊದಲ ವರದಿಯ ಹಿಂದಿನ ವರ್ಷವಂತೆ. ಗ್ರಿಲ್ಲಿನವನು ಮೂಲೆಗೆ ಸುತ್ತಿಗೆಯಿಂದ ಅರ್ಧ ದಿನ ಬಡಿದನಂತೆ. ಇದೊಂದು ಪ್ರಶ್ನೆಯನ್ನು ಆವತ್ತು ಕೇಳಲಿಲ್ಲ ನಾನು. ಪಾಯದ ತನಕ ಯೋಚನೆ ಇಳಿಸಿದವನಿಗೆ ಕಣ್ಣೆದುರಿನ ಗ್ರಿಲ್ಲು ಕಾಣಲಿಲ್ಲ.

ಇರುವುದನ್ನು ಇದ್ದ ಹಾಗೆ ಹೇಳಿದೆ. ಗೋಡೆ ಗಟ್ಟಿ ಇದೆ, ಆವತ್ತೂ ಇತ್ತು, ತಪ್ಪು ನನ್ನದು. ನರ್ಸಮ್ಮ ಬುದ್ಧಿವಂತೆ. 'ಆವತ್ತು ತಪ್ಪು ಹೇಳಿದವರು ಇವತ್ತು ಸರಿ ಹೇಳ್ತಿದ್ದೀರಿ ಅಂತ ಹೇಗೆ ನಂಬೋದು ಸಾರ್' ಅಂದಳು. ನನ್ನನ್ನು ನಂಬಬೇಡಿ ತಾಯಿ, ಗೆರೆಯನ್ನು ನಂಬಿ ಎಂದೆ. ದರ್ಜಿ ಅಮ್ಮ ಆ ಗೋಡೆಗೆ ಅಂಗೈ ಒತ್ತಿದಳು. ಆಮೇಲೆ, 'ಅದಕ್ಕೆ ಒಂದು ಟೇಪು ಹಿಡಿಯೋಕೆ ಆರು ವರ್ಷ ಬೇಕಾಯ್ತಾ ನಿಮಗೆ' ಅಂದಳು. ಬೈದಿದ್ದರೆ ಚೆನ್ನಾಗಿತ್ತು. ದಾರಿ ಕೇಳುವವರ ಹಾಗೆ ಮೆಲ್ಲಗೆ ಕೇಳಿದಳು. 'ಆ ಮೇಸ್ತ್ರಿ ನನ್ನ ಬಾಗಿಲಿಗೆ ಬಂದು, ಮೂರು ತಿಂಗಳು ಕಾಯಮ್ಮ, ಗೋಡೆನೇ ಹೇಳುತ್ತೆ ಅಂದ್ರು. ಅವರ ಮುಖದ ಮೇಲೆ ಬಾಗಿಲು ಹಾಕ್ದೆ ನಾನು' ಎಂದೂ ಹೇಳಿದಳು. ನೀವು ಅಲ್ಲಿಗೂ ಹೋಗಿದ್ದಿರಿ ಎನ್ನುವುದು ನನಗೆ ಗೊತ್ತಿರಲಿಲ್ಲ.

ಇದಾದ ಮೇಲೆ ನಡೆದದ್ದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ. ದರ್ಜಿ ಅಮ್ಮ ನರ್ಸಮ್ಮನ ಕಡೆ ತಿರುಗಿ, 'ತಪ್ಪು ತಿಳ್ಕೋಬೇಡ ಕಣಮ್ಮ, ಗೋಡೆಗೆ ಹೆದರಿ ಮಾರ್ತಿದ್ದೆ. ತಂಗಿ ಊರಿನ ಆಸೆ ಎಂದೋ ಬಿಟ್ಟೆ. ಗೋಡೆ ಗಟ್ಟಿ ಇದ್ದರೆ ನಾನ್ಯಾಕೆ ಹೋಗಲಿ' ಎಂದಳು. ಮುಗಿಯಿತು. ನರ್ಸಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಇಂಜೆಕ್ಷನ್ ಕೈಯಲ್ಲಿದ್ದಿದ್ದರೆ ಚುಚ್ಚಿಯೇ ಬಿಡುತ್ತಿದ್ದಳು. 'ಮನೆ ನೋಡೋಕೆ ಕರೆಸಿದ್ದು ಸಾರ್, ಕಳೆಯೋಕಲ್ಲ' ಎಂದು ಹೋದಳು. ಒಂದೇ ಮನೆಯ ಮಾರಾಟವನ್ನು ಮೊದಲು ಕೆಟ್ಟದ್ದು ಹೇಳಿ, ಆಮೇಲೆ ಒಳ್ಳೆಯದು ಹೇಳಿ, ಎರಡು ಸಲ ಕೆಡಿಸಿದ ಕೀರ್ತಿ ನಮ್ಮ ಕಸುಬಿನಲ್ಲಿ ಬೇರೆ ಯಾರಿಗೂ ಇರಲಾರದು. ಆ ಸಂಜೆಯೇ ದರ್ಜಿ ಅಮ್ಮ ಹೊಲಿಗೆ ಮಿಷನ್ನನ್ನು ಹಿಂದಿನ ಕೋಣೆಯ ಕಿಟಕಿಗೆ ಸಾಗಿಸಿದಳು. ಒಂದು ಕಡೆ ಹಿಡಿದವನು ನಾನು. ಆಮೇಲೆ ಚಾಪೆಯನ್ನೂ ಎತ್ತಿಕೊಂಡು ಹೋಗಿ ಆ ಗೋಡೆಯ ಬದಿಗೇ ಹಾಸಿದಳು. ಇನ್ನೊಂದು ಮಗ್ಗುಲು ಹೇಗಿರುತ್ತದೋ ನೋಡೋಣ ಅಂದಳು. ಹೊರಡುವಾಗ ನನಗೆ ಒಂದು ಲೋಟ ನೀರು ಕೊಟ್ಟಳು. ಕ್ಷಮಿಸಿದಳೋ, ಬಾಯಾರಿದವನಿಗೆ ನೀರು ಕೊಟ್ಟಳೋ, ನಾನು ವರದಿ ಬರೆಯಲಾರೆ.

ಮನೆ ಕೈತಪ್ಪಿದರೂ ವರದಿ ಬರೆದು ನರ್ಸಮ್ಮನಿಗೆ ತಲುಪಿಸಿದೆ. ಅದರ ಪ್ರತಿ ಈ ಲಕೋಟೆಯಲ್ಲಿದೆ. ಎರಡನೇ ಪುಟದಲ್ಲಿ 'ಹಿಂದಿನ ಪರೀಕ್ಷಕನು ಗೆರೆ ಎಳೆದು ಓದದೆ ತೀರ್ಪು ಬರೆದಿದ್ದಾನೆ. ಆ ಪರೀಕ್ಷಕ ನಾನೇ' ಎಂದಿದೆ. ಟೈಪ್ ಮಾಡುವಾಗ ಜೆರಾಕ್ಸ್ ಅಂಗಡಿಯವನು, 'ಇದನ್ನ ಯಾರಾದ್ರೂ ತಾವೇ ಬರ್ಕೋತಾರಾ, ನಾಳೆಯಿಂದ ಯಾರು ಕರೀತಾರೆ ನಿಮ್ಮನ್ನ' ಅಂದ. ಕರೆಯದಿದ್ದರೆ ಮಲಗುತ್ತೇನೆ ಎಂದೆ. ಬಾಯಿಂದ ಬಂದ ಮೇಲೆ ಅದು ಎಷ್ಟು ಹಿತವಾದ ಮಾತು ಎನಿಸಿತು. ಆವತ್ತು ನಮ್ಮಿಬ್ಬರನ್ನೂ ಆಡಿಕೊಂಡು ನಕ್ಕವರಲ್ಲಿ ಮೂವರು ಇನ್ನೂ ಅದೇ ಬೆಂಚಿನ ಮೇಲೆ ಕೂರುತ್ತಾರೆ, ಅವರಿಗೂ ಗಟ್ಟಿಯಾಗಿ ಓದಿ ಹೇಳಿದ್ದೇನೆ. ನಮ್ಮ ವರದಿಯ ಮೊದಲ ಪುಟದಲ್ಲಿ 'ಕಟ್ಟಿದವರು' ಎಂದು ಒಂದು ಸಾಲಿದೆ. ಮೂವತ್ತು ವರ್ಷದಲ್ಲಿ ಅದನ್ನು ನಾನು ತುಂಬಿದ್ದೇ ಇಲ್ಲ, ಯಾರು ಕಟ್ಟಿದ್ದರೆ ನಮಗೇನು ಎಂದು ಗೀಟು ಎಳೆಯುತ್ತೇನೆ. ಈ ಸಲ ನಿಮ್ಮ ಹೆಸರನ್ನು ಪೂರ್ತಿ ಬರೆದಿದ್ದೇನೆ. ತಂದೆಯ ಹೆಸರೂ ಸೇರಿಸಿ. ಅಕ್ಕನಿಗೆ ಆ ಪುಟ ತೋರಿಸಿ.

ನನ್ನವಳು ನಿಮಗೆ ನಮಸ್ಕಾರ ಹೇಳಿದ್ದಾಳೆ, 'ಅಣ್ಣ ಇದ್ದಿದ್ದರೆ ಬಚ್ಚಲ ಬಾಗಿಲಿಗೆ ಈ ಗತಿ ಬರ್ತಿರಲಿಲ್ಲ' ಎಂದೂ ಸೇರಿಸಿದ್ದಾಳೆ. ಅತ್ತೆಯವರು ಚೊಂಬು ಬಡಿಯುತ್ತಿರುವುದರಿಂದ ಅವರ ಆಶೀರ್ವಾದವನ್ನು ನಾನೇ ಊಹಿಸಿ ಬರೆಯುತ್ತಿದ್ದೇನೆ. ಅಕ್ಕನಿಗೆ ಮಂಡಿಗೆ ಬಿಸಿ ನೀರು ಹಾಕಿಕೊಳ್ಳಲು ಹೇಳಿ, ನಾನು ಹೇಳಿದೆ ಎಂದು ಹೇಳಬೇಡಿ. ನೀವು ಸ್ಟೂಲಿನ ಮೇಲೆ ಬಗ್ಗಿ ಕೂರಬೇಡಿ, ಗೋಡೆಗೆ ಬೆನ್ನು ಕೊಟ್ಟು ಕೂರಿ.

ಇಂತಿ ನಿಮ್ಮ ಪಾದಕ್ಕೆ ನಮಸ್ಕರಿಸುವ ಭಾಮೈದ,
ಟಕಟಕ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಅಂಚೆ ಡಬ್ಬ ತೆಗೆಯುವವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬಾಗಿಲು ಯಾಕೆ ಕಚ್ಚಿತು ಎಂದು ನೋಡಲು ಮೊನ್ನೆ ಶುಕ್ರವಾರ ಸಂಜೆ ದರ್ಜಿ ಅಮ್ಮನ ಮನೆಯಿಂದ ಬಂದವನೇ ಸ್ಟೂಲು ಹತ್ತಿದೆ. ಚೌಕಟ್ಟಿನ ಮೇಲೆ ಒಂದು ಬಿರುಕು ಇದೆ. ಓರೆಯಾಗಿಯೇ ಇದೆ. ಪಾಯವೋ, ಗಾರೆಯೋ, ಇಲ್ಲ ನಮ್ಮತ್ತೆಯವರು ಬಾಗಿಲು ಎಳೆದುಕೊಳ್ಳುವ ರೀತಿಯೋ, ನಾನು ಒಂದು ಮಾತೂ ಆಡಿಲ್ಲ, ಒಂದು ಅಕ್ಷರವೂ ಬರೆದಿಲ್ಲ. ಆಚೆ ಒಂದು, ಈಚೆ ಒಂದು ಗೆರೆ ಎಳೆದು, ಅಳತೆ ಬರೆದು, ತಾರೀಕು ಹಾಕಿ ಇಳಿದೆ. ಬಾಗಿಲನ್ನು ಒಂಚೂರು ಕೆತ್ತಿಸಿ ಕೂರಿಸಿ ಎಂದು ನನ್ನವಳು ಪ್ರಾಣ ತಿನ್ನುತ್ತಿದ್ದಾಳೆ. ಮೂರು ತಿಂಗಳು ಯಾರೂ ಮುಟ್ಟುವ ಹಾಗಿಲ್ಲ ಎಂದಿದ್ದೇನೆ, ಅಲ್ಲಿಯವರೆಗೆ ಎಲ್ಲರೂ ಹಾಡಬೇಕು. ಗೆರೆ ಎಳೆದವನೇ ಓದಬಾರದು ಎಂದು ಈಗ ನನಗೊಂದು ಹೊಸ ನಿಯಮ ಮಾಡಿಕೊಂಡಿದ್ದೇನೆ. ಅದಕ್ಕೇ ಕೇಳುತ್ತೇನೆ. ಗುಜರಿಯವನು ಬಂದರೆ ಉಳಿದದ್ದನ್ನು ಏನಾದರೂ ಮಾಡಿಕೊಳ್ಳಿ, ಪೆಟ್ಟಿಗೆಯ ತಳದಲ್ಲಿ ನಿಮ್ಮ ಉಕ್ಕಿನ ಅಡಿಕೋಲು ಇರಬೇಕು, ಅದೊಂದನ್ನು ತೆಗೆದಿಟ್ಟುಕೊಳ್ಳಿ. ಮೂರು ತಿಂಗಳು ತುಂಬುವುದು ಮೇ ಆರನೇ ತಾರೀಕು ಬುಧವಾರ. ಅಕ್ಕನನ್ನು ಕರೆದುಕೊಂಡು ಬರುವಾಗ ಅದನ್ನು ಮರೆಯದೆ ಜೇಬಿಗೆ ಹಾಕಿಕೊಂಡು ಬನ್ನಿ.